ಮೊದಲು ನಗುವವಳು

ಹೊಸ ಹುಡುಗನ ಬಲಗಾಲಿನ ಶೂ ಕಿತ್ತು ನೀರಿನ ಟ್ಯಾಂಕಿನ ಮೇಲಕ್ಕೆ ಎಸೆದರು. ಎಸೆದವರು ಮೂವರು. ನೋಡಿದವರು ಇಡೀ ಕ್ಲಾಸು.

ಅವನು ಒಂದೇ ಶೂ ಹಾಕಿಕೊಂಡು ಒಳಗೆ ಬಂದ. ಟಕ್, ಪಚ್. ಟಕ್, ಪಚ್. ಶೂ ಇದ್ದ ಕಾಲು ಟಕ್ ಅನ್ನುತ್ತಿತ್ತು. ಒದ್ದೆ ಸಾಕ್ಸಿನ ಕಾಲು ಪಚ್ ಅನ್ನುತ್ತಿತ್ತು.

"ಇನ್ನೊಂದು ಶೂ ಎಲ್ಲಿ?" ಕ್ಲಾಸ್ ಟೀಚರ್ ಕೇಳಿದರು.

"ಮೇಲಿದೆ, ಮಿಸ್."

"ಮೇಲೆ ಅಂದ್ರೆ?"

ಅವನು ಬೆರಳೆತ್ತಿ ಚಾವಣಿ ತೋರಿಸಿದ. ಟೀಚರ್ ಕತ್ತೆತ್ತಿ ನೋಡಿದರು. ಅಲ್ಲಿ ಫ್ಯಾನು ತಿರುಗುತ್ತಿತ್ತು. ಟೀಚರ್ ಫ್ಯಾನಿನ ರೆಕ್ಕೆಗಳ ನಡುವೆ ಶೂ ಹುಡುಕತೊಡಗಿದರು.

ಹಿಂದಿನ ಬೆಂಚಿನಲ್ಲಿ ಯಾರೋ ಚಿಟಿಕೆ ಹೊಡೆದರು. ಕೂಡಲೇ ಕಿಟಕಿ ಪಕ್ಕದಿಂದ ಒಂದು ಸದ್ದು ಬಂತು.

"ಹಿಕ್."

ಆಮೇಲೆ "ಹಿಕ್ ಹಿಕ್". ಆಮೇಲೆ ಖಾಲಿ ಸ್ಟೀಲ್ ಬಕೆಟ್ಟನ್ನು ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ ಗಡಗಡಗಡ ಅಂತ ಒಂದು ನಗು ಇಳಿದು ಬಂತು. ಅದರ ಹಿಂದೆಯೇ ಇಡೀ ಕ್ಲಾಸು ನಕ್ಕಿತು. ಟೀಚರ್ ಕೂಡ ಡಸ್ಟರಿನಿಂದ ಬಾಯಿ ಮುಚ್ಚಿಕೊಂಡರು. ಮೂಗಿನ ತುದಿಗೆ ಸೀಮೆಸುಣ್ಣ ಅಂಟಿತು.

"ಸಾಕು, ಸಾಕು. ತಮಾಷೆಗೆ ತಮಾಷೆ," ಎಂದರು ಅವರು. "ಏ ಹುಡುಗಾ, ನಿನ್ನ ಶೂ ನಿನ್ನ ಜವಾಬ್ದಾರಿ. ಹುಷಾರಾಗಿ ಇಟ್ಕೋಬೇಕು. ಹೋಗು, ಕೂತ್ಕೋ."

ಎಸೆದವರಿಗೆ ಯಾವ ಜವಾಬ್ದಾರಿಯೂ ಇರಲಿಲ್ಲ. ಅವರು ಹಾಯಾಗಿ ಕೂತಿದ್ದರು. ಅವತ್ತಿನಿಂದ ಕ್ಲಾಸಿನವರು ಹೊಸ ಹುಡುಗನನ್ನು 'ಒಂಟಿ ಶೂ' ಅಂತ ಕರೆಯತೊಡಗಿದರು.

ಕಿಟಕಿ ಪಕ್ಕ ಕೂತು ಮೊದಲು ನಕ್ಕವಳನ್ನು ಮನೆಯಲ್ಲಿ ಗಿಲಕಿ ಅನ್ನುತ್ತಿದ್ದರು. ಆ ಹೆಸರಿಟ್ಟಿದ್ದು ಅಜ್ಜಿ. ಆ ನಗುವನ್ನು ಕೊಟ್ಟಿದ್ದೂ ಅಜ್ಜಿಯೇ. ಅಜ್ಜಿಯನ್ನು ಸಾವಿನ ಮನೆಗೆ ಯಾರೂ ಕರೆದುಕೊಂಡು ಹೋಗುತ್ತಿರಲಿಲ್ಲ. ಒಮ್ಮೆ ಹೋಗಿದ್ದಾಗ ಯಾರೋ, "ಪಾಪ, ನಿನ್ನೆ ತಾನೇ ಹೊಸ ಹಲ್ಲು ಕಟ್ಟಿಸ್ಕೊಂಡಿದ್ರು" ಅಂದಿದ್ದರಂತೆ. ಅಜ್ಜಿಗೆ ಅಷ್ಟು ಸಾಕಾಯಿತು. ಸತ್ತವರನ್ನು ಬಿಟ್ಟು ಉಳಿದವರೆಲ್ಲ ನಕ್ಕರಂತೆ.

ಗಿಲಕಿಯ ನಗುವೂ ಹಾಗೇ. ಆಕಳಿಕೆಗಿಂತ ಬೇಗ ಅಂಟುತ್ತಿತ್ತು. ಒಂದು ಸಲ ಹಲ್ಲಿನ ಡಾಕ್ಟರ ಹತ್ತಿರ ಕೂತಿದ್ದಾಗ ಅವಳು ಸುಮ್ಮನೆ "ಹಿಕ್" ಅಂದಳು. ಕೆನ್ನೆ ಊದಿಸಿಕೊಂಡು ನರಳುತ್ತಿದ್ದ ಸಾಲಿಗೆ ಸಾಲೇ ನಕ್ಕಿತು. "ಅಯ್ಯೋ ನೋವು, ಹಹ್ಹಹ್ಹ, ಅಯ್ಯೋ ಸಾಯ್ತೀನಿ, ಹಹ್ಹಹ್ಹ!" ಡಾಕ್ಟರು ಇಕ್ಕಳ ಹಿಡಿದುಕೊಂಡೇ ಹೊರಗೆ ಓಡಿ ಬಂದಿದ್ದರು.

ಈ ನಗುವಿನ ಬೆಲೆ ಶಾಲೆಯಲ್ಲಿ ಮೊದಲು ಕಂಡುಹಿಡಿದವನು ಕ್ಯಾಪ್ಟನ್. ಅವನನ್ನು ಯಾರೂ ಆರಿಸಿರಲಿಲ್ಲ. ಒಂದು ದಿನ ಅಂಗಿಗೆ ಬ್ಯಾಡ್ಜು ಚುಚ್ಚಿಕೊಂಡು ಬಂದು, "ನಾನೇ ಕ್ಯಾಪ್ಟನ್" ಅಂದ. ಯಾರೂ ಇಲ್ಲ ಅನ್ನಲಿಲ್ಲ. ಅಷ್ಟೇ.

ಕ್ಯಾಪ್ಟನ್‌ಗೆ ದಿನಾ ಯಾರನ್ನಾದರೂ ಆಡಿಕೊಳ್ಳಬೇಕಿತ್ತು. ಕಷ್ಟವೆಂದರೆ ಅವನ ಜೋಕಿಗೆ ಯಾರಿಗೂ ನಗು ಬರುತ್ತಿರಲಿಲ್ಲ. ಹಳೇ ಸ್ಕೂಟರಿನ ಹಾಗೆ ಅದಕ್ಕೆ ಕಿಕ್ ಹೊಡೆಯಬೇಕಿತ್ತು. ಗಿಲಕಿ ನಕ್ಕರೆ ಜೋಕು ತಾನೇ ತಾನಾಗಿ ಓಡುತ್ತಿತ್ತು. ಅದಕ್ಕೇ ಅವನು ಅವಳಿಗೆ 'ಸ್ಟಾರ್ಟರ್' ಅಂತ ಹೆಸರಿಟ್ಟ. ಅವನು ಚಿಟಿಕೆ ಹೊಡೆದರೆ ಅವಳು "ಹಿಕ್" ಅನ್ನಬೇಕು.

ಅದಕ್ಕೆ ಮುಂಚೆ ಗಿಲಕಿಗೆ ಶಾಲೆಯಲ್ಲಿ ಬೇರೆ ಹೆಸರಿತ್ತು. ಸ್ಟೀಲ್ ಡಬ್ಬಿ. ಆಗ ಅವಳ ಊಟದ ಡಬ್ಬಿ ದಿನಾ ಕಾಣೆಯಾಗುತ್ತಿತ್ತು. ಒಮ್ಮೆ ಕಸದ ಬುಟ್ಟಿಯಲ್ಲಿ, ಒಮ್ಮೆ ಹುಡುಗರ ಟಾಯ್ಲೆಟ್ಟಿನ ಕಿಟಕಿಯ ಮೇಲೆ. ಸ್ಟಾರ್ಟರ್ ಆದಮೇಲೆ ಡಬ್ಬಿ ಕಳೆದುಹೋಗಲಿಲ್ಲ. ಕಿಟಕಿ ಪಕ್ಕದ ಗಾಳಿ ಬರುವ ಸೀಟು ಕೂಡ ಸಿಕ್ಕಿತು.

*

ಐಡಿ ಕಾರ್ಡಿಗೆ ಫೋಟೋ ತೆಗೆಯುವ ದಿನ ಬಂತು. ಪಿ.ಟಿ. ಸಾರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಬೋರ್ಡಿನ ಮುಂದೆ ಒಂದು ಸ್ಟೂಲು ಇಟ್ಟರು.

ಫೋಟೋಗ್ರಾಫರ್ ಹೆಗಲಿಗೆ ಕಪ್ಪು ಬ್ಯಾಗು ಹಾಕಿಕೊಂಡು ಬಂದರು. ಬಾಗಿಲಿಗೆ ಭುಜ ತಾಗಿತು. "ಸಾರಿ, ಸಾರಿ," ಅಂತ ಬಾಗಿಲಿಗೆ ಹೇಳಿದರು. ಆಮೇಲೆ ಕ್ಯಾಮೆರಾ ಇಡುವ ಸ್ಟ್ಯಾಂಡು ಬಿಚ್ಚಿದರು. ಅದಕ್ಕೆ ಮೂರು ಕಾಲು. ಒಂದನ್ನು ಉದ್ದ ಮಾಡಿದರೆ ಇನ್ನೊಂದು ಗಿಡ್ಡವಾಗುತ್ತಿತ್ತು.

"ನೆಟ್ಟಗೆ ನಿಂತ್ಕೋಪ್ಪಾ," ಎಂದರು ಸ್ಟ್ಯಾಂಡಿಗೆ. "ನಾನು ನೆಟ್ಟಗೇ ಇದ್ದೀನಿ. ವಾಲ್ತಾ ಇರೋನು ನೀನು."

ಸ್ಟೂಲಿನ ಮೇಲೆ ಇನ್ನೂ ಯಾರೂ ಕೂತಿರಲಿಲ್ಲ. ಆದರೂ ಅವರು ಕ್ಯಾಮೆರಾದಲ್ಲಿ ಕಣ್ಣಿಟ್ಟು, "ಗಲ್ಲ ಸ್ವಲ್ಪ ಮೇಲೆ. ಹಾಂ. ವೆರಿ ಗುಡ್ ಬಾಯ್" ಅಂದರು.

ಒಂದು ವಾಸನೆ ಬಂತು. ಗಿಲಕಿಗೆ ಆ ವಾಸನೆ ಗೊತ್ತಿತ್ತು. ಅವಳ ಮಾವನ ಅಂಗಿಗೂ ಅದೇ ವಾಸನೆ. ಪಿ.ಟಿ. ಸಾರ್‌ಗೂ ಗೊತ್ತಾಯಿತು. ಅವರು ಹೋಗಿ ಎಲ್ಲಾ ಕಿಟಕಿಗಳನ್ನು ತೆರೆದರು.

ಚಿಟಿಕೆ ಬಿತ್ತು. "ಹಿಕ್." ಬಕೆಟ್ಟು ಉರುಳಿತು. ಕ್ಲಾಸು ನಕ್ಕಿತು.

"ನೋಡಿ, ಎಷ್ಟು ಖುಷಿಯಾಗಿರೋ ಮಕ್ಕಳು!" ಎಂದರು ಫೋಟೋಗ್ರಾಫರ್. ಅವರೂ ಜೊತೆಗೆ ನಕ್ಕರು.

ಕ್ಯಾಪ್ಟನ್ ಕೂದಲಿಗೆ ನೀರು ಹಚ್ಚಿ, ಬೈತಲೆ ತೆಗೆದು, ಎದೆಯುಬ್ಬಿಸಿ ಕೂತ. ಹಿಂದಿನ ಬೋರ್ಡಿನಿಂದ ಸೀಮೆಸುಣ್ಣದ ಪುಡಿ ಉದುರುತ್ತಿತ್ತು. ಅವನ ಮೂಗು ಅರಳಿತು. ಮುಖ ಸುಕ್ಕಾಯಿತು.

"ಆ... ಆ... ಆಕ್ಷೀ!"

ಫಳ್! ಫ್ಲ್ಯಾಶ್ ಹೊಡೆಯಿತು.

"ಫಸ್ಟ್ ಕ್ಲಾಸ್! ನೆಕ್ಸ್ಟ್!"

"ಅಂಕಲ್, ನಾನು ಸೀನಿದೆ!"

"ಸೀನಿದ್ರೇನಪ್ಪ, ಮುಖ ಬಂತಲ್ಲ? ನೆಕ್ಸ್ಟ್!"

"ಇನ್ನೊಂದು ತೆಗೀರಿ, ಅಂಕಲ್!"

"ಕ್ವಿಕ್, ಕ್ವಿಕ್!" ಪಿ.ಟಿ. ಸಾರ್ ಕ್ಯಾಪ್ಟನ್‌ನ ತೋಳು ಹಿಡಿದು ಎಬ್ಬಿಸಿದರು. ಅವರಿಗೆ ಈ ಫೋಟೋಗ್ರಾಫರ್ ಆದಷ್ಟು ಬೇಗ ಹೊರಗೆ ಹೋದರೆ ಸಾಕಾಗಿತ್ತು.

ಸಾಲಿನ ಕೊನೆಯಲ್ಲಿ ಹೊಸ ಹುಡುಗ ಇದ್ದ. ಅವನು ಬಂದು ಸ್ಟೂಲಿನ ಮೇಲೆ ಕೂತು ನೆಲ ನೋಡಿದ. ಫೋಟೋಗ್ರಾಫರ್ ದನಿ ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು.

"ಒಂಚೂರು ನಗಪ್ಪಾ, ಪುಟ್ಟಾ."

"ಐಡಿ ಕಾರ್ಡಿಗೆ ನಗಬಾರದು," ಅವನು ಪಿಸುಗುಟ್ಟಿದ.

"ಯಾರು ಹೇಳಿದ್ದು? ನಗು."

"ಬೇಡ, ಅಪ್ಪಾ."

ಅಪ್ಪಾ! ಅಷ್ಟು ಮೆತ್ತಗೆ ಹೇಳಿದ ಮಾತು ಕೊನೆಯ ಬೆಂಚಿನವರೆಗೂ ಕೇಳಿಸಿತು.

"ಓಹೋ," ಎಂದ ಕ್ಯಾಪ್ಟನ್. ಅವನ ಕಣ್ಣು ಹೊಳೆಯಿತು.

*

ಅವತ್ತು ಸಂಜೆ ಗಿಲಕಿಯ ಮಾವ ಮೆಟ್ಟಿಲು ಹತ್ತುವಾಗಲೇ ವಿಷಲ್ ಊದಿದರು.

ಮಾವ ಅಂದರೆ ಅತ್ತೆಯ ಗಂಡ. ಅತ್ತೆ ಅಂದರೆ ಅಪ್ಪನ ತಂಗಿ. ಅವರಿಬ್ಬರೂ ಗಿಲಕಿಯ ಮನೆಯ ಮೇಲಿನ ಕೋಣೆಯಲ್ಲಿದ್ದರು. ಊಟ ಮಾತ್ರ ಎಲ್ಲರಿಗೂ ಗಿಲಕಿಯ ಮನೆಯಲ್ಲೇ. ಮಾವ ಬಸ್ ಕಂಡಕ್ಟರ್. ಕುಡಿಯದ ದಿನ ಅವರ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಕುಡಿದ ದಿನ ಇಡೀ ಮನೆ ಬಸ್ಸಾಗುತ್ತಿತ್ತು.

"ಹೋಲ್ಡಾನ್! ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ, ಒಳಗೆ ಹೋಗಿ!" ಮಾವ ಬೀರುವನ್ನು ತಳ್ಳಿದರು. "ಏನ್ರೀ ದಪ್ಪ ಯಜಮಾನ್ರೇ, ಅಷ್ಟು ಜಾಗ ಖಾಲಿ ಇದೆ, ಮುಂದೆ ಹೋಗೋಕೇನು?"

ಬೀರು ಕದಲಲಿಲ್ಲ.

"ಇಳಿಸಿಬಿಡ್ತೀನಿ ನೋಡಿ!"

ಅಜ್ಜಿ "ಹಿಕ್" ಅಂದರು. ಗಿಲಕಿ "ಹಿಕ್" ಅಂದಳು. ಎರಡು ಬಕೆಟ್ಟು ಒಟ್ಟಿಗೆ ಉರುಳಿದವು. ಪಕ್ಕದ ಮನೆಯವರು, ಕೆಳಗಿನ ಮನೆಯವರು, ಅವರ ಮನೆಗೆ ಬಂದ ನೆಂಟರು, ಎಲ್ಲ ಮೆಟ್ಟಿಲ ಮೇಲೆ ನಿಂತರು. ಒಬ್ಬರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು, ಚೆನ್ನಾಗಿ ಕಾಣಲಿ ಅಂತ.

"ಅಜ್ಜೀ, ಪಾಸ್ ತೋರಿಸಿ!"

"ಮರೆತು ಬಂದಿದ್ದೀನಪ್ಪಾ, ಕಂಡಕ್ಟ್ರೇ!"

"ಹಾಗಾದ್ರೆ ಮುಂದಿನ ಸ್ಟಾಪಲ್ಲಿ ಇಳೀರಿ. ಅಡುಗೆಮನೆ, ಅಡುಗೆಮನೆ, ಯಾರ್ರೀ ಅಡುಗೆಮನೆ?"

ಅಪ್ಪ ಗೋಡೆಗೊರಗಿ ನಕ್ಕ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅತ್ತೆ. "ಹ್ಹ ಹ್ಹ ಹ್ಹ! ನೋಡಿ, ನೋಡಿ ಇವರನ್ನ! ಹ್ಹ ಹ್ಹ ಹ್ಹ!" ಅಂತ ಮೆಟ್ಟಿಲ ಮೇಲಿದ್ದವರನ್ನೇ ಕರೆದು ಕರೆದು ತೋರಿಸುತ್ತಿದ್ದಳು.

ನಕ್ಕೂ ನಕ್ಕೂ ಗಿಲಕಿಗೆ ಬಾಯಾರಿತು. ನೀರು ಕುಡಿಯಲು ಅಡುಗೆಮನೆಗೆ ಹೋದಳು. ಅತ್ತೆ ಆಗಲೇ ಅಲ್ಲಿದ್ದಳು. ಒದ್ದೆ ಬಟ್ಟೆಯೊಂದನ್ನು ಹಿಂಡುತ್ತಿದ್ದಳು. ಅದರಲ್ಲಿ ಒಂದು ತೊಟ್ಟೂ ನೀರು ಉಳಿದಿರಲಿಲ್ಲ, ಆದರೂ ಹಿಂಡುತ್ತಲೇ ಇದ್ದಳು. ಬಾಯಿ "ಹ್ಹ ಹ್ಹ ಹ್ಹ" ಅನ್ನುತ್ತಿತ್ತು, ಹೊರಗಿನವರಿಗೆ ಕೇಳುವಷ್ಟು ಜೋರಾಗಿ. ಕಣ್ಣು ಮಾತ್ರ ಗೋಡೆ ನೋಡುತ್ತಿತ್ತು.

ಗಿಲಕಿ ಲೋಟ ಹಿಡಿದುಕೊಂಡು ನಿಂತಳು.

"ಅತ್ತೆ, ಏನಾಯ್ತು? ನಗ್ತಾ ಇಲ್ವಾ ನೀನು?"

"ನಗ್ತಾ ಇದ್ದೀನಲ್ಲೇ. ಕೇಳ್ತಿಲ್ವಾ?"

"ಕೇಳ್ತಿದೆ. ಆದ್ರೆ..."

ಅತ್ತೆ ಬಟ್ಟೆ ಕೆಳಗಿಟ್ಟಳು. "ಜನ ಹೇಗಿದ್ರೂ ನಗ್ತಾರೆ ಕಣೇ. ನಾವೇ ಮೊದಲು ನಕ್ಕುಬಿಟ್ರೆ..." ಹೊರಗೆ ಮಾವನ ವಿಷಲ್ ಕೇಳಿಸಿತು. ಅತ್ತೆ ಮುಖಕ್ಕೆ ನೀರು ಚಿಮುಕಿಸಿಕೊಂಡು, "ಹ್ಹ ಹ್ಹ ಹ್ಹ! ಬಸ್ಸು ಹೊರಡ್ತೇನ್ರೀ?" ಅಂತ ಕೂಗುತ್ತ ಹೊರಗೆ ಹೋದಳು.

ಗಿಲಕಿ ನೀರು ಕುಡಿದಳು. ಹೊರಗೆ ಅಜ್ಜಿಯ ಬಕೆಟ್ಟು ಇನ್ನೂ ಉರುಳುತ್ತಿತ್ತು. ಅವಳಿಗೆ "ಹಿಕ್" ಬರಲಿಲ್ಲ.

*

ಮುಂದಿನ ವಾರ ಐಡಿ ಕಾರ್ಡು ಬಂದವು.

ಎಲ್ಲರೂ ವಾಲಿದ್ದರು. ಒಬ್ಬರಲ್ಲ, ಇಬ್ಬರಲ್ಲ, ಇಡೀ ಕ್ಲಾಸು ಎಡಕ್ಕೆ ವಾಲಿತ್ತು. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಕೂರಿಸಿ ಫೋಟೋ ತೆಗೆದ ಹಾಗಿತ್ತು. ಟೀಚರ್ ಕತ್ತು ಓರೆ ಮಾಡಿಕೊಂಡು ಒಂದೊಂದೇ ಕಾರ್ಡು ಕೊಟ್ಟರು. ಕೊನೆಗೆ ಕತ್ತು ಹಾಗೇ ನಿಂತುಬಿಟ್ಟಿತು.

"ದಿನಾ ಹಾಕ್ಕೊಂಡು ಬರಬೇಕು. ಹಾಕದಿದ್ರೆ ಗೇಟಿನ ಒಳಗೆ ಬಿಡಲ್ಲ," ಎಂದರು ಕತ್ತು ಉಜ್ಜಿಕೊಳ್ಳುತ್ತ.

ಕ್ಯಾಪ್ಟನ್ ತನ್ನ ಕಾರ್ಡನ್ನು ಒಂದೇ ಒಂದು ಸಲ ನೋಡಿದ. ತಕ್ಷಣ ತಿರುಗಿಸಿ ಹಾಕಿಕೊಂಡ. ಕಾರ್ಡಿನ ಹಿಂದೆ 'ಸಿಕ್ಕಿದವರು ದಯವಿಟ್ಟು ಶಾಲೆಗೆ ತಲುಪಿಸಿ' ಅಂತ ಬರೆದಿತ್ತು. ಅವನು ಅದನ್ನೇ ಎದೆಯ ಮೇಲೆ ತೂಗಿಸಿಕೊಂಡು ಓಡಾಡಿದ. ನಗಲು ಯಾರಿಗೂ ಧೈರ್ಯವಿರಲಿಲ್ಲ. ಮೊದಲು ನಗುವವರು ಯಾರು?

ಬಿಡುವಿನಲ್ಲಿ ಕ್ಯಾಪ್ಟನ್ ಕಿಟಕಿಯ ಹತ್ತಿರ ಬಂದ. ಅವನ ಕಿವಿ ಕೆಂಪಗಾಗಿತ್ತು.

"ಸ್ಟಾರ್ಟರ್, ನಾಳೆ ಕೊನೇ ಪೀರಿಯಡ್ ಡ್ರಾಯಿಂಗ್ ಮಿಸ್ ಬರಲ್ಲ. 'ಕುಡುಕ ಫೋಟೋಗ್ರಾಫರ್ ಶೋ' ಮಾಡ್ತೀನಿ. ಚಿಟಿಕೆ ಹೊಡೆದ ತಕ್ಷಣ ಶುರು ಮಾಡು. ಜೋರಾಗಿ ಬರಬೇಕು."

"ನಂಗೆ ಗಂಟಲು ನೋವು."

"ಆ ಅನ್ನು."

"ಆ..."

ಕ್ಯಾಪ್ಟನ್ ಬಗ್ಗಿ ನೋಡಿದ. "ಏನೂ ಆಗಿಲ್ಲ. ಗಂಟಲಷ್ಟೇ ಅಲ್ಲ, ಬೆಳಗ್ಗೆ ತಿಂದಿದ್ದೂ ಕಾಣ್ತಿದೆ."

"ನಗದಿದ್ರೆ?"

"ನಗದಿದ್ರೆ ಮುಂದಿನ ವಾರ ಸ್ಟೀಲ್ ಡಬ್ಬಿ ಶೋ," ಎಂದ ಕ್ಯಾಪ್ಟನ್ ತಣ್ಣಗೆ. "ಯೋಚನೆ ಮಾಡು."

ಗಿಲಕಿ ಯೋಚನೆ ಮಾಡುತ್ತ ನಲ್ಲಿಯ ಹತ್ತಿರ ಹೋದಳು. ಅಲ್ಲಿ ಹೊಸ ಹುಡುಗ ಕೂತು ಶೂ ಕಟ್ಟಿಕೊಳ್ಳುತ್ತಿದ್ದ. ಲೇಸನ್ನು ಕಾಲಿಗೆ ಸುತ್ತಿ, ಗಂಟು ಹಾಕಿ, ಮತ್ತೆ ಸುತ್ತಿ, ಮತ್ತೆ ಗಂಟು ಹಾಕಿ ಪಾರ್ಸೆಲ್ ಕಟ್ಟಿದ ಹಾಗೆ ಕಟ್ಟುತ್ತಿದ್ದ.

"ಯಾಕೆ ಹಾಗೆ ಕಟ್ತಿದ್ದೀಯ?"

"ಇನ್ಮೇಲೆ ಎಸೆಯೋರು ಕಾಲು ಸಮೇತ ಎಸೀಬೇಕು."

"ಹಿಕ್," ಅಂದಳು ಗಿಲಕಿ. ತಡೆಯಲು ಆಗಲಿಲ್ಲ.

ಅವನು ತಲೆಯೆತ್ತಿ ಅವಳನ್ನೇ ನೋಡಿದ. "ಇದು ಬೇರೆ ಥರ ಇದೆ."

"ಏನು?"

"ಈ ನಗು. ಕ್ಲಾಸಲ್ಲಿ ನಗ್ತೀಯಲ್ಲ, ಅದು ಚಿಟಿಕೆ ನಗು."

ಗಿಲಕಿ ನಲ್ಲಿ ತಿರುಗಿಸಿದಳು. ಸುಮ್ಮನೆ ಕೈ ತೊಳೆದಳು. ತೊಳೆದ ಕೈಯನ್ನೇ ಮತ್ತೆ ತೊಳೆದಳು.

"ನಾಳೆ ಶೋ ಇದೆಯಂತಲ್ಲ," ಎಂದ ಅವನು.

"ನಿಂಗ್ಯಾರು ಹೇಳಿದ್ರು?"

"ಕ್ಯಾಪ್ಟನ್ನೇ. ಫಸ್ಟ್ ಬೆಂಚಲ್ಲಿ ಸೀಟ್ ರಿಸರ್ವ್ ಮಾಡಿದ್ದಾನಂತೆ ನಂಗೆ."

"ಲೀವ್ ಹಾಕ್ಬಿಡು. ಜ್ವರ ಅನ್ನು."

"ಹಳೇ ಸ್ಕೂಲಲ್ಲಿ ಹಾಗೇ ಮಾಡ್ದೆ. ಒಂದಿನ ಹೋಗದಿದ್ರೆ ಮಾರನೇ ದಿನ ಹೋಗೋದು ಇನ್ನೂ ಕಷ್ಟ. ಆಮೇಲೆ ಹೋಗಲೇ ಇಲ್ಲ." ಅವನು ಇನ್ನೊಂದು ಗಂಟು ಹಾಕಿದ. "ಈ ಸ್ಕೂಲೂ ಬಿಟ್ರೆ ಸ್ಟುಡಿಯೋದಲ್ಲೇ ಕೂತಿರು ಅಂದಿದ್ದಾರೆ ಅಮ್ಮ. ಅಪ್ಪನ್ನ ನೋಡ್ಕೊಳ್ಳೋಕೆ."

"ನಿಮ್ಮಪ್ಪ ಯಾವಾಗ್ಲೂ ಹಾಗೇನಾ?"

"ಇಲ್ಲಪ್ಪಾ!" ಅವನಿಗೆ ಸಿಟ್ಟು ಬಂತು. "ಕುಡೀದಿದ್ದಾಗ ನಮ್ಮಪ್ಪನ ಫೋಟೋ ನೋಡಬೇಕು ನೀನು. ಎಷ್ಟು ಅಳೋ ಮಗು ಆದ್ರೂ ಒಂದು ನಿಮಿಷ ಕಣ್ಣರಳಿಸಿ ನಿಂತ್ಕೊಳ್ಳುತ್ತೆ. ಅಷ್ಟರಲ್ಲಿ ಕ್ಲಿಕ್!"

ಅವನು ಎದ್ದು ನಿಂತ. ಗಂಟು ಬಿಗಿಯಾಗಿ ಕುಂಟುತ್ತ ಹೋದ.

*

ಮಾರನೇ ದಿನ ಕೊನೇ ಪೀರಿಯಡ್. ಕ್ಯಾಪ್ಟನ್‌ನ ಮೂವರು ಹುಡುಗರು ಮೇಜು ಸರಿಸಿ ಜಾಗ ಮಾಡಿದರು. ಕಸಬರಿಗೆಗೆ ಎರಡು ಸ್ಕೇಲು ಕಟ್ಟಿ ಸ್ಟ್ಯಾಂಡು ಮಾಡಿದ್ದರು. ಒಬ್ಬ ಬಾಗಿಲಲ್ಲಿ ಕಾವಲು ನಿಂತ.

ಹೊಸ ಹುಡುಗ ಬಂದಿದ್ದ. ಮೊದಲ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದ.

ಕ್ಯಾಪ್ಟನ್ ತೂರಾಡುತ್ತ ಒಳಗೆ ಬಂದ. ಬಾಗಿಲಿಗೆ ಭುಜ ತಾಗಿಸಿ, "ಸಾರಿ, ಸಾರಿ" ಅಂದ. ಕಸಬರಿಗೆಗೆ ಕೈ ಮುಗಿದು, "ನಮಸ್ಕಾರ ಸಾರ್, ಚೆನ್ನಾಗಿದ್ದೀರಾ ಸಾರ್?" ಅಂದ. ನಾಲಿಗೆ ದಪ್ಪ ಮಾಡಿಕೊಂಡು, "ಒಂಚೂರು ನಗಪ್ಪಾ, ಪುತ್ತಾ" ಅಂದ.

ಚಿಟಿಕೆ ಹೊಡೆದ.

ಎಲ್ಲರ ತಲೆಯೂ ಕಿಟಕಿಯ ಕಡೆ ತಿರುಗಿತು. ಗಿಲಕಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದಳು.

ಮತ್ತೆ ಚಿಟಿಕೆ. ಯಾರೂ ನಗಲಿಲ್ಲ.

ಆಗ ಮೊದಲ ಬೆಂಚಿನಿಂದ ಸದ್ದು ಬಂತು. "ಹ್ಹ ಹ್ಹ ಹ್ಹ!" ನಗುತ್ತಿದ್ದವನು ಹೊಸ ಹುಡುಗನೇ. "ಹ್ಹ ಹ್ಹ! ಸೂಪರ್, ಕ್ಯಾಪ್ಟನ್!" ಅವನ ಬಾಯಿ ನಗುತ್ತಿತ್ತು. ಕಣ್ಣು ಖಾಲಿ ಬೋರ್ಡನ್ನು ನೋಡುತ್ತಿತ್ತು.

ಈ ನಗುವನ್ನು ಗಿಲಕಿ ಅಡುಗೆಮನೆಯಲ್ಲಿ ಕೇಳಿದ್ದಳು, ಅತ್ತೆಯ ಬಾಯಲ್ಲಿ.

"ಸ್ಟಾರ್ಟರ್!" ಕ್ಯಾಪ್ಟನ್ ತೂರಾಡುವುದನ್ನು ನಿಲ್ಲಿಸಿ ಅವಳ ಕಡೆ ನೋಡಿದ. "ಏನಾಯ್ತು ನಿಂಗೆ? ನಗು!"

"ನಗು ಬರ್ತಿಲ್ಲ."

"ಬರೋದೇನು ಬೇಡ. ನಕ್ಕರೆ ಸಾಕು!"

"ನಗಲ್ಲ."

"ಸ್ಟೀಲ್ ಡಬ್ಬಿ ನೆನಪಿದೆ ತಾನೇ?"

"ಇದೆ," ಎಂದಳು ಗಿಲಕಿ. ಅವಳು ಡಬ್ಬಿಯಿದ್ದ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. "ನಗಲ್ಲ."

ಹೊಸ ಹುಡುಗನ "ಹ್ಹ ಹ್ಹ" ನಿಂತಿತು. ಅವನು ತಿರುಗಿ ಅವಳನ್ನು ನೋಡಿದ.

ನಗು ಇಲ್ಲದೆ ಕ್ಲಾಸಿನ ನಡುವೆ ತೂರಾಡುತ್ತ ನಿಂತಿರುವುದು ಸುಲಭವಲ್ಲ. ಕ್ಯಾಪ್ಟನ್‌ಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವನು ಇನ್ನೂ ಜೋರಾಗಿ ತೂರಾಡಿದ. ಇನ್ನೂ ಜೋರಾಗಿ "ನಮಸ್ಕಾರ ಸಾರ್" ಅಂದ. ಒಂದು ಸುತ್ತು ಗಿರಕಿ ಹೊಡೆದ. ಕಸಬರಿಗೆ ಕಾಲಿಗೆ ಸಿಕ್ಕಿತು. ಧಡ್! ಕಸಬರಿಗೆ, ಸ್ಕೇಲು, ಕ್ಯಾಪ್ಟನ್ ಎಲ್ಲ ಒಟ್ಟಿಗೆ ನೆಲಕ್ಕೆ ಬಿದ್ದರು.

ಅವನು ಎದ್ದು ನಿಂತಾಗ ಐಡಿ ಕಾರ್ಡು ತಿರುಗಿತ್ತು.

ಅದರಲ್ಲಿ ಮುಖ ಇತ್ತು. ಆದರೆ ಅದು ಮುಖದ ಹಾಗಿರಲಿಲ್ಲ. ಕಣ್ಣು ಇದ್ದ ಕಡೆ ಎರಡು ಸುಕ್ಕು. ಮೂಗಿನ ಹೊಳ್ಳೆಗಳು ಎರಡು ಸುರಂಗ. ತುಟಿ ಒಂದು ಪಕ್ಕಕ್ಕೆ ಹಾರಿ ಹೊರಟಿತ್ತು. ಮೂಗಿನ ತುದಿಯಲ್ಲಿ ಒಂದು ಹನಿ ಫ್ಲ್ಯಾಶ್ ಬೆಳಕಿಗೆ ಮುತ್ತಿನ ಹಾಗೆ ಹೊಳೆಯುತ್ತಿತ್ತು. ಇಷ್ಟೂ ಎಡಕ್ಕೆ ವಾಲಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ 'ವಿದ್ಯಾರ್ಥಿ' ಅಂತ ಬರೆದಿತ್ತು.

ಕ್ಲಾಸು ಉಸಿರು ಬಿಗಿಹಿಡಿಯಿತು. ಎಲ್ಲೋ ಒಂದು ಮೂಗು "ಫುಸ್" ಅಂದು ಸುಮ್ಮನಾಯಿತು. ಕ್ಯಾಪ್ಟನ್ ಅಂಗೈಯಿಂದ ಕಾರ್ಡು ಮುಚ್ಚಿಕೊಂಡ. ಆದರೆ ಅಂಗೈ ಸಣ್ಣದು. ಬೆರಳುಗಳ ನಡುವಿನಿಂದ ಒಂದು ಸುರಂಗ ಇನ್ನೂ ಕಾಣುತ್ತಿತ್ತು.

"ಸ್ಟಾರ್ಟರ್!" ಕೂಗಿದವನು ಬಾಗಿಲು ಕಾಯುತ್ತಿದ್ದವನು. ಶೂ ಎಸೆದ ಮೂವರಲ್ಲಿ ಒಬ್ಬ. ಇಷ್ಟು ದಿನ ಕ್ಯಾಪ್ಟನ್‌ನ ಬ್ಯಾಗು ಹೊತ್ತವನು. ಈಗ ಅವನ ಮುಖದಲ್ಲಿ ಎಂದೂ ಕಾಣದ ಖುಷಿ. "ಈಗ ನಗೇ! ಈಗ!"

ಅವನು ಚಿಟಿಕೆ ಹೊಡೆದ. ಅವನ ಪಕ್ಕದವನೂ ಹೊಡೆದ. ಹಿಂದಿನ ಬೆಂಚು, ನಡುವಿನ ಬೆಂಚು, ಎಲ್ಲ ಕಡೆಯಿಂದ ಚಿಟಿಕೆ. ಚಿಟಿಕೆ ಹೊಡೆಯಲು ಬಾರದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು.

"ನಗೇ, ಸ್ಟಾರ್ಟರ್!"

"ಒಂದೇ ಒಂದು ಹಿಕ್!"

"ಶುರು ಮಾಡೇ, ಉಳಿದಿದ್ದು ನಾವು ನೋಡ್ಕೋತೀವಿ!"

ಕ್ಯಾಪ್ಟನ್ ಗಿಲಕಿಯೊಬ್ಬಳನ್ನೇ ನೋಡುತ್ತಿದ್ದ. ಅವನ ಕೈಯಲ್ಲಿ ಈಗ ಚಿಟಿಕೆ ಇರಲಿಲ್ಲ.

ಹೊಸ ಹುಡುಗ ಕೂಡ ಅವಳನ್ನೇ ನೋಡುತ್ತಿದ್ದ. ಆ ಫೋಟೋ ತೆಗೆದ ಕೈ ಯಾರದು ಅಂತ ಅಲ್ಲಿದ್ದವರಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇದೇ ಹೊತ್ತಿಗೆ ಗಿಲಕಿಗೆ ನಗು ಬಂತು.

ಅದು ಚಿಟಿಕೆ ನಗು ಅಲ್ಲ. ನಿಜವಾದದ್ದು. ಹೊಟ್ಟೆಯ ಅಡಿಯಿಂದ ಹೊರಟಿತು. ಎದೆಗೆ ಬಂತು. ಗಂಟಲಿಗೆ ಬಂತು. ಆ ಮುತ್ತಿನಂಥ ಹನಿ ಕಣ್ಣ ಮುಂದೆ ತೂಗಾಡಿತು. ಇಷ್ಟು ತಮಾಷೆಯಾದದ್ದನ್ನು ಅವಳು ಹುಟ್ಟಿದಮೇಲೆ ನೋಡಿರಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೆನ್ನೆ ಬಲೂನಿನ ಹಾಗೆ ಊದಿಕೊಂಡವು. ಕಣ್ಣಲ್ಲಿ ನೀರು ಬಂತು. ಅವಳು ನಡುಗಿದ ರಭಸಕ್ಕೆ ಬೆಂಚು ಕೂಡ ನಡುಗಿ, ಪೆನ್ಸಿಲ್ಲು ಉರುಳಿ ಕೆಳಗೆ ಬಿತ್ತು.

"ಬಂತು, ಬಂತು, ಬಂತು!" ಕ್ಲಾಸು ಕೂಗಿತು. "ನಗೇ!"

ಬಾಯಿ ತೆರೆದರೆ ಮುಗಿಯಿತು. ಅದಕ್ಕೇ ಗಿಲಕಿ ಬಾಯಿ ತೆರೆಯಲಿಲ್ಲ. ಮುಚ್ಚಿದ ಬಾಯಲ್ಲೇ, ಊದಿದ ಕೆನ್ನೆಯಲ್ಲೇ, ತಲೆಯನ್ನು ಆ ಕಡೆಯಿಂದ ಈ ಕಡೆಗೆ ಅಲ್ಲಾಡಿಸಿದಳು.

"ಊಹೂಂ."